ಗೇಟಿನವರೆಗೆ ಹೋದ ತಟ್ಟೆ

ಆರಾಧನೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಿಂತು ಮಾತಾಡುವುದು ಕರಾವಳಿಯ ಕ್ರೈಸ್ತ ಸಭೆಗಳಲ್ಲಿ ಹಳೆಯ ರೂಢಿ. ಮಳೆ, ಮದುವೆ, ಅಡಿಕೆ ಧಾರಣೆ, ಕೊನೆಗೆ ರಾಜಕೀಯ. ಈಚೆಗೆ ಆ ಕೊನೆಯದು ಬಂದ ಕೂಡಲೇ ಇಬ್ಬರು ಸ್ಕೂಟರಿನ ಕೀಲಿ ತೆಗೆಯುತ್ತಾರೆ. ಉಳಿಯುವವರೆಲ್ಲ ಒಂದೇ ಅಭಿಪ್ರಾಯದವರು. 2022ರಲ್ಲಿ ರಾಜ್ಯದ ಮತಾಂತರ ನಿಷೇಧ ಕಾಯ್ದೆ ಬಂದಾಗಲೂ, 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿದಾಗಲೂ ಅಂಗಳದಲ್ಲಿ ಆಗಬೇಕಿದ್ದ ಚರ್ಚೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಯಿತು. ಅಲ್ಲಿ ಬೇರೆ ಪಕ್ಷಕ್ಕೆ ಮತ ಹಾಕಿದವನು ವಿಶ್ವಾಸದ್ರೋಹಿ. ಪಕ್ಕದ ಮನೆಯವರು ಬರೀ 'ಅವರು'. ಕ್ರಿಸ್ಮಸ್‌ಗೆ ಕುಸ್ವಾರ್ ತಿಂಡಿಗಳ ತಟ್ಟೆ ಅವರಿಗೆ ಈಗಲೂ ಹೋಗುತ್ತದೆ. ಮಗುವಿನ ಕೈಯಲ್ಲಿ, ಗೇಟಿನವರೆಗೆ. ಒಳಗೆ ಕೂತು ಚಹಾ ಕುಡಿಯಲು ಯಾರಿಗೂ ಪುರುಸೊತ್ತಿಲ್ಲವಂತೆ.

ಇಷ್ಟಕ್ಕೆಲ್ಲ ಸಂಪಾದಕೀಯವೇ ಎನ್ನುವವರಿದ್ದಾರೆ. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠಕ್ಕೂ ಸುತ್ತಲಿನ ಪ್ರಾರ್ಥನಾಲಯಗಳಿಗೂ ಗುಂಪು ನುಗ್ಗುವ ಮುಂಚೆಯೂ ಇಂಥವರಿದ್ದರು. ದಾಳಿಯನ್ನು ಸಮರ್ಥಿಸಿದವರು ಹಿಂದೂ ದೇವತೆಗಳನ್ನು ಹೀಯಾಳಿಸುತ್ತದೆ ಎಂದು ಒಂದು ಕಿರುಪುಸ್ತಕದ ಕಡೆ ಬೆರಳು ತೋರಿಸಿದರು. ಪುಸ್ತಕಕ್ಕೆ ಕಲ್ಲು ಉತ್ತರವಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೆರೆಯವರ ದೇವರ ಬಗ್ಗೆ ನಮ್ಮವರು ಹಗುರವಾಗಿ ಮಾತಾಡಿದಾಗ ಅಲ್ಲೇ ತಡೆಯುವವರು ನಮ್ಮಲ್ಲಿ ಎಷ್ಟು ಜನ? ಆ ದಾಳಿಗಳ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಸೋಮಶೇಖರ ಆಯೋಗ 2011ರಲ್ಲಿ ಅಂತಿಮ ವರದಿ ಕೊಟ್ಟಿತು. ಯಾವ ಆಯೋಗವೂ ಗೇಟಿನಲ್ಲಿ ನಿಂತುಹೋದ ಮಾತುಕತೆಯ ವಿಚಾರಣೆ ಮಾಡುವುದಿಲ್ಲ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವುದು ಹೀಗೆಯೇ.

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟದ್ದು ಬಾಸೆಲ್ ಮಿಷನ್ನಿನ ಕಲ್ಲಚ್ಚಿನಿಂದ. ಅದನ್ನು ನಡೆಸಿದ ಹರ್ಮನ್ ಮೊಗ್ಲಿಂಗ್ ದಾಸರ ಪದಗಳನ್ನೂ ಕಲೆಹಾಕಿ ಅಚ್ಚು ಹಾಕಿಸಿದ. (ಅಂದಿನ ಮಿಷನರಿಗಳ ನಾಲಿಗೆ ಮೃದುವಾಗಿತ್ತೆಂದು ಹೇಳುತ್ತಿಲ್ಲ, ಮೂರ್ತಿಪೂಜೆಯ ಬಗ್ಗೆ ಅವರು ಕಟುವಾಗಿಯೇ ಮಾತಾಡಿದರು.) ಆದರೂ ಎದುರಿನವನ ಹಾಡೇನೆಂದು ಕೇಳಿಸಿಕೊಳ್ಳುವ ತಾಳ್ಮೆ ಅವನಲ್ಲಿತ್ತು. ಅವನ ವಾರಸುದಾರರಾದ ನಾವು ಯಾರು ಬರೆದರೆಂದು ಗೊತ್ತಿಲ್ಲದ ಸಂದೇಶವನ್ನು ಬೆಳಗಿನ ಪ್ರಾರ್ಥನೆಗೂ ಮೊದಲು ನಲವತ್ತು ಮಂದಿಗೆ ದಾಟಿಸುತ್ತೇವೆ.

ಸಹೋದರನೊಂದಿಗೆ ತಕರಾರಿದ್ದರೆ ಹೇಗೆ ನಡೆಯಬೇಕೆಂದು ಯೇಸು ಹಾಕಿಕೊಟ್ಟ ಕ್ರಮ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ. ಮೊದಲು ಅವನೊಬ್ಬನನ್ನೇ ಕಂಡು ಮಾತು. ಆಮೇಲೆ ಒಬ್ಬಿಬ್ಬರ ಸಮಕ್ಷಮ. ಕೊನೆಗೆ ಸಭೆ. ನಾವಿದನ್ನು ತಲೆಕೆಳಗು ಮಾಡಿದ್ದೇವೆ: ಮೊದಲು ಗುಂಪಿಗೆ, ಕೊನೆಗೂ ಅವನಿಗಲ್ಲ. ಸಹೋದರನನ್ನೇ ಹೀಗೆ ಕಂಡವರು ನೆರೆಯವನಲ್ಲಿಗೆ ಯಾವ ಮುಖ ಹೊತ್ತು ಹೋಗುತ್ತಾರೆ?

ವದಂತಿ ಮತ್ತೆ ಬರುತ್ತದೆ. ಬಂದ ರಾತ್ರಿ ಫೋನ್ ಮಾಡಿ 'ಇದು ನಿಜವೇನಪ್ಪಾ' ಎಂದು ಕೇಳಲು ಆಚೆ ಬೀದಿಯಲ್ಲಿ ಒಬ್ಬನಾದರೂ ಬೇಕು. ಆ ಪರಿಚಯ ಆ ರಾತ್ರಿ ಹುಟ್ಟುವುದಿಲ್ಲ.

ಸಭಾಸಮಿತಿಗಳಲ್ಲಿ ಈ ಮಾತು ಎತ್ತಿದರೆ ಸಿಗುವ ಉತ್ತರ: ಮುಂದಿನ ತಿಂಗಳು ನೋಡೋಣ. ಮುಂದಿನ ತಿಂಗಳ ಕಾರ್ಯಸೂಚಿಯಲ್ಲಿ ಗೋಪುರಕ್ಕೆ ಬಣ್ಣ ಹೊಡೆಸುವ ವಿಷಯವಿದೆ.