ಅಮೆರಿಕದ ಮಗ ಊರಿಗೇಕೆ ಬರುತ್ತಿಲ್ಲ?

ತಾಯಿ ಹಾಸಿಗೆ ಹಿಡಿದಿದ್ದಾಳೆ, ಮಗ ಅಮೆರಿಕದಿಂದ ಬರಲೊಲ್ಲ. ದಾವಣಗೆರೆಯ ವಿದ್ಯಾನಗರ, ಎಂ.ಸಿ.ಸಿ. ಬಡಾವಣೆಗಳಲ್ಲಿ ಸಂಜೆ ಹೊತ್ತು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. "ಡಾಲರ್ ಕಂಡ್ಮೇಲೆ ಹೆತ್ತೋರು ಯಾರಿಗೆ ಬೇಕ್ರಿ" ಎಂದು ತೀರ್ಪು ಕೊಟ್ಟು ಎದ್ದು ಹೋಗುವವರೇ ಹೆಚ್ಚು. ಆದರೆ ಇಲ್ಲಿ ಇಂಜಿನಿಯರಿಂಗ್ ಓದಿ ಅಲ್ಲಿಗೆ ಹೋದ ಎಷ್ಟೋ ಮಕ್ಕಳ ಕಾಲು ಕಟ್ಟಿ ಹಾಕಿರುವುದು ಡಾಲರ್ ಅಲ್ಲ, ಒಂದು ಅರ್ಜಿ.

ಖಾಯಂ ವಾಸದ ಗ್ರೀನ್ ಕಾರ್ಡಿಗಾಗಿ ಅಮೆರಿಕದೊಳಗೇ ಇದ್ದು ಸಲ್ಲಿಸುವ ಅರ್ಜಿಗೆ ಐ-485 ಎಂದು ಹೆಸರು. ಅದು ಇತ್ಯರ್ಥವಾಗುವ ಮುನ್ನ, 'ಅಡ್ವಾನ್ಸ್ ಪೆರೋಲ್' ಎಂಬ ಮುಂಗಡ ಅನುಮತಿ ಇಲ್ಲದೆ ದೇಶ ಬಿಟ್ಟರೆ, ಅರ್ಜಿದಾರ ತಾನೇ ಅರ್ಜಿ ಕೈಬಿಟ್ಟ ಎಂದು ಅಲ್ಲಿನ ಇಲಾಖೆ ಲೆಕ್ಕ ಹಾಕುತ್ತದೆ. ಸಾಮಾನ್ಯ ನಿಯಮ ಇದು. ತಾಯಿಯ ಮುಖ ನೋಡಲು ಹೋಗಿದ್ದೆ ಅಂದರೆ ಕೇಳುವವರಿಲ್ಲ. ಪೆರೋಲಿಗೆ ಅರ್ಜಿ ಹಾಕಿದ್ದೇನೆ ಎಂದರೂ ಸಾಲದು, ಮಂಜೂರಾಗಿರಬೇಕು. ಜೈಲಿನ ಕೈದಿಗೆ ಬಳಸುವ ಪದವನ್ನೇ ಇದಕ್ಕೂ ಇಟ್ಟಿದ್ದಾರೆ, ಪುಣ್ಯಾತ್ಮರು! ಆ ಪತ್ರ ಕೈಯಲ್ಲಿದ್ದರೂ ವಾಪಸು ಒಳಗೆ ಬಿಡುವುದು, ಬಿಡದಿರುವುದು ವಿಮಾನ ನಿಲ್ದಾಣದ ಅಧಿಕಾರಿಯ ಕೈಲಿದೆ.

ಎಚ್-1ಬಿ, ಎಲ್-1 ವೀಸಾದ ಮೇಲೆ ದುಡಿಯುವವರಿಗೆ ವಿನಾಯಿತಿ ಉಂಟು. ಅದೇ ಕೆಲಸಕ್ಕೆ, ಚಾಲ್ತಿಯಲ್ಲಿರುವ ವೀಸಾದಲ್ಲಿ ಮರಳಿದರೆ ಅರ್ಜಿ ಉಳಿಯುತ್ತದೆ. ಆದರೆ ಪಾಸ್‌ಪೋರ್ಟಿನ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ಚೆನ್ನೈಗೋ ಹೈದರಾಬಾದಿಗೋ ಹೋಗಿ ದೂತಾವಾಸದಲ್ಲಿ ಹೊಸದಾಗಿ ಹಾಕಿಸಬೇಕು. ಪೇಚಾಟ ಇರುವುದೇ ಇಲ್ಲಿ. 2025ರ ಡಿಸೆಂಬರಿನಲ್ಲಿ ಅರ್ಜಿದಾರರ ಸಾಮಾಜಿಕ ಜಾಲತಾಣಗಳ ತಪಾಸಣೆ ಶುರುವಾಗಿ, ಗೊತ್ತಾಗಿದ್ದ ಸಂದರ್ಶನಗಳು ತಿಂಗಳುಗಟ್ಟಲೆ ಮುಂದೆ ಹೋದವು. ರಜೆಗೆಂದು ಬಂದವರು ಇಲ್ಲೇ ಸಿಕ್ಕಿಬಿದ್ದರು. ಅದಕ್ಕೆ ಮೊದಲು ಸೆಪ್ಟೆಂಬರಿನಲ್ಲಿ ಎಚ್-1ಬಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದಾಗ ಊರಿಗೆ ಬಂದಿದ್ದವರು ಗಾಬರಿಬಿದ್ದು ಸಿಕ್ಕ ವಿಮಾನ ಹತ್ತಿ ಓಡಿದ್ದರು. ಅದು ಹೊಸ ಅರ್ಜಿಗಳಿಗೆ ಮಾತ್ರ ಎಂಬ ವಿವರಣೆ ಆಮೇಲೆ ಬಂತು.

ಸ್ವಲ್ಪ ದಿನ ತಡೆದು ಬರಬಾರದೇ ಎಂದು ಕೇಳಬಹುದು. ಎಷ್ಟು ದಿನ? ಉದ್ಯೋಗದ ಆಧಾರದ ಗ್ರೀನ್ ಕಾರ್ಡು ವರ್ಷಕ್ಕೆ ಸುಮಾರು 1,40,000. 1990ರ ಕಾನೂನಿನಂತೆ ಒಂದು ದೇಶಕ್ಕೆ ನೂರಕ್ಕೆ ಏಳರ ಮಿತಿ. ಐಸ್‌ಲ್ಯಾಂಡಿಗೂ ಏಳು, ನೂರನಲವತ್ತು ಕೋಟಿ ಜನರ ಭಾರತಕ್ಕೂ ಏಳು! ಈ ನ್ಯಾಯ ನಮಗಂತೂ ಅರ್ಥವಾಗದು. ಅರ್ಜಿ ತೆಗೆದುಕೊಂಡ ಮೇಲೂ ಸರದಿ ಹಿಂದೆ ಸರಿಯುವುದುಂಟು, ಕಡತ ವರ್ಷಗಟ್ಟಲೆ ಕೊಳೆಯುವುದುಂಟು. ಅಷ್ಟು ಕಾಲ ಯಾವ ತಾಯಿಯ ಕಾಯಿಲೆ ಕಾಯುತ್ತದೆ?

ಆದ್ದರಿಂದ "ತಕ್ಷಣ ಹೊರಟು ಬಾ" ಎಂದು ಫೋನು ಮಾಡುವ ಮುನ್ನ ಮನೆಯವರು ಮಗನ ಬಳಿ ಮೂರು ಮಾತು ಕೇಳಿಕೊಳ್ಳಲಿ: ಅರ್ಜಿ ಬಾಕಿ ಇದೆಯೇ, ಪೆರೋಲ್ ಪತ್ರ ಕೈಗೆ ಬಂದಿದೆಯೇ, ವೀಸಾ ಮುದ್ರೆ ಎಂದಿನವರೆಗೆ? ವಿದ್ಯಾರ್ಥಿ ವೀಸಾದಲ್ಲಿದ್ದು ಅರ್ಜಿ ಹಾಕಿದವರಿಗಂತೂ ಎಚ್-1ಬಿಯ ವಿನಾಯಿತಿ ಇಲ್ಲವೇ ಇಲ್ಲ. ಸಾವು, ಕಡುಕಾಯಿಲೆಯಂಥ ಸಂದರ್ಭಕ್ಕೆ ಅಲ್ಲಿನ ಸ್ಥಳೀಯ ವಲಸೆ ಕಚೇರಿಯಲ್ಲಿ ತುರ್ತು ಪೆರೋಲ್ ಕೇಳಲು ಅವಕಾಶವಿದೆ. ಅದಕ್ಕೆ ಪುರಾವೆ ಬೇಕು. ಆಸ್ಪತ್ರೆಯ ಲೆಟರ್‌ಹೆಡ್ಡಿನಲ್ಲಿ ರೋಗಿಯ ಹೆಸರು, ಕಾಯಿಲೆ, ಈಗಿನ ಸ್ಥಿತಿ ಬರೆದು ಡಾಕ್ಟರು ಸಹಿ ಹಾಕಿದ ಇಂಗ್ಲಿಷ್ ಪತ್ರವನ್ನು ಮೊದಲ ದಿನವೇ ಕಳಿಸಿಕೊಟ್ಟರೆ ಆ ಹುಡುಗನಿಗೆ ಕಚೇರಿಯ ಬಾಗಿಲು ತಟ್ಟಲಿಕ್ಕಾದರೂ ಒಂದು ಆಧಾರ ಸಿಕ್ಕೀತು.