ದಾಂಪತ್ಯದ ಮಾತಿಗೂ ಕನ್ನಡ ಬೇಕು

ಕಾಸರಗೋಡಿನ ಕನ್ನಡಿಗರಾದ ನಾವು 1956ರಿಂದೀಚೆಗೆ ಹಲವು ಬೇಡಿಕೆಗಳನ್ನು ಮುಂದಿಟ್ಟಿದ್ದೇವೆ. ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು ಬೇಕೆಂದೆವು. ಕಚೇರಿಯ ಅರ್ಜಿ ನಮೂನೆಗಳು ಕನ್ನಡದಲ್ಲಿರಬೇಕೆಂದೆವು. ಇವು ನ್ಯಾಯವಾದ ಬೇಡಿಕೆಗಳೆಂಬುದು ನಿರ್ವಿವಾದ. ಆದರೆ ಇನ್ನೊಂದು ಅಗತ್ಯವನ್ನು ನಾವು ಬಾಯಿಬಿಟ್ಟು ಕೇಳಿದ್ದು ಕಡಿಮೆ. ಗಂಡ ಹೆಂಡಿರ ದೇಹಸಂಬಂಧಕ್ಕೆ ಸೇರಿದ ಆರೋಗ್ಯ ಶಿಕ್ಷಣ ನಮ್ಮ ಭಾಷೆಯಲ್ಲಿ ದೊರೆಯಬೇಕೆಂಬುದೇ ಅದು.

ಇದು ಪತ್ರಿಕೆಯಲ್ಲಿ ಬರೆಯುವ ವಿಷಯವೇ ಎಂದು ಹಿರಿಯರು ಕೇಳಿಯಾರು. ಹೈಸ್ಕೂಲಿನ ಜೀವಶಾಸ್ತ್ರವು ಅಂಡಾಣು, ವೀರ್ಯಾಣುಗಳ ಮಿಲನವನ್ನು ಹೇಳಿ ನಿಲ್ಲುತ್ತದೆ. ಆ ವಯಸ್ಸಿಗೆ ಅಷ್ಟು ಸಾಕೆನ್ನೋಣ. ಆದರೆ ನಮ್ಮಲ್ಲಿ ಕಲಿತ ಅದೇ ಹುಡುಗ, ಅದೇ ಹುಡುಗಿ ಇಪ್ಪತ್ತೈದರಲ್ಲಿ ಹಸೆಮಣೆ ಏರುವಾಗ ಅದಕ್ಕಿಂತ ಹೆಚ್ಚಿನದನ್ನು ಹೇಳಿಕೊಡುವವರಿಲ್ಲ. ಜಾತಕ, ಒಡವೆ, ಊಟೋಪಚಾರಗಳ ಬಗ್ಗೆ ಎರಡೂ ಮನೆಯವರು ತಿಂಗಳುಗಟ್ಟಲೆ ಮಾತಾಡುತ್ತಾರೆ. ಈ ಒಂದು ವಿಷಯದಲ್ಲಿ ಮಾತ್ರ ‘ತನ್ನಿಂದ ತಾನೇ ತಿಳಿಯುತ್ತದೆ’ ಎಂದು ಸುಮ್ಮನಾಗುತ್ತಾರೆ.

ತನ್ನಿಂದ ತಾನೇ ತಿಳಿಯುವುದಿಲ್ಲ. ಮೊಬೈಲಿನಲ್ಲಿ ಕಂಡ ಅಶ್ಲೀಲ ಚಿತ್ರವೇ ಗುರುವಾಗುತ್ತದೆ. ವೀರ್ಯ ನಷ್ಟವಾದರೆ ದೇಹ ಸೊರಗುತ್ತದೆಂದು ಕಂಗೆಡುವ ಯುವಕರು ಇಂದಿಗೂ ಇದ್ದಾರೆ. ಮನೋವೈದ್ಯ ಡಾ. ಎನ್. ಎನ್. ವಿಗ್ ಅವರು 1960ರಲ್ಲಿಯೇ ಈ ಕಳವಳಕ್ಕೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಮನುಷ್ಯನನ್ನು ಸೊರಗಿಸುವುದು ಆ ಚಿಂತೆಯೇ ಹೊರತು ವೀರ್ಯನಷ್ಟವಲ್ಲ. ನಲುವತ್ತು ದಾಟಿದ ಗಂಡಸಿಗೆ ನಿಮಿರುವಿಕೆ ಕುಂದಿದರೆ ಅದು ಸಕ್ಕರೆ ಕಾಯಿಲೆಯ ಅಥವಾ ಹೃದ್ರೋಗದ ಮುನ್ಸೂಚನೆಯಾಗಿರಬಹುದು. ಹೊಸದಾಗಿ ಮದುವೆಯಾದವಳಿಗೆ ಹೆದರಿಕೆಯಿಂದ ಸ್ನಾಯು ಬಿಗಿದು ನೋವಾಗುವುದುಂಟು. ಮುಟ್ಟು ನಿಂತವಳಿಗೆ ಯೋನಿ ಒಣಗಿ ನೋವಾಗುವುದುಂಟು. ಇವೆರಡಕ್ಕೂ ಚಿಕಿತ್ಸೆಯಿದೆ. ಆದರೆ ಅವಳು ನೋವೆಂದು ಹೇಳಲಾರಳು; ಅವನು ಅದನ್ನು ತಿರಸ್ಕಾರವೆಂದು ತಿಳಿಯುತ್ತಾನೆ. ಹೀಗೆ ಮನಸ್ಸು ಮುರಿದು ತವರಿಗೆ ಮರಳಿದ ಹೆಣ್ಣುಮಕ್ಕಳೆಷ್ಟು! ತಾಳಿ ಕಟ್ಟಿದ ಮಾತ್ರಕ್ಕೆ ಒಪ್ಪಿಗೆ ಕೇಳಬೇಕಾಗಿಲ್ಲವೆಂಬ ಭಾವನೆಯೂ ಹೋಗಬೇಕು. ಕೇಳಿ, ಕಾದು, ಒಲವಿನಿಂದ ನಡೆದುಕೊಳ್ಳುವುದನ್ನು ಗಂಡಸರು ಕಲಿಯತಕ್ಕದ್ದು.

ಕಷ್ಟವನ್ನು ಹೇಳೋಣವೆಂದರೆ ಯಾರಲ್ಲಿ? ಸರಕಾರಿ ಆಸ್ಪತ್ರೆಯಲ್ಲಿ ವೈದ್ಯರು ಹೆಚ್ಚಾಗಿ ಮಲೆಯಾಳದಲ್ಲಿ ಕೇಳುತ್ತಾರೆ. ಜ್ವರ, ಕೆಮ್ಮನ್ನು ಹರಕು ಮುರುಕು ಮಲೆಯಾಳದಲ್ಲಿ ತಿಳಿಸಬಹುದು, ಇದನ್ನು ತಿಳಿಸಲಾಗದು. ಭಾಷಾಂತರಕ್ಕೆಂದು ಅತ್ತೆಯೋ ನಾದಿನಿಯೋ ಪಕ್ಕದಲ್ಲಿ ನಿಂತರಂತೂ ಬಾಯಿಯೇ ಬಾರದು. ಅನುಕೂಲಸ್ಥರು ಮಂಗಳೂರಿನ ಬಸ್ಸು ಹತ್ತುತ್ತಾರೆ. ಉಳಿದವರು ‘ಗುಪ್ತರೋಗ’ದ ಜಾಹೀರಾತು ನೋಡಿ ನಕಲಿ ವೈದ್ಯರ ಕೈಗೆ ಹಣ ಸುರಿಯುತ್ತಾರೆ. ಲೈಂಗಿಕ ಶಕ್ತಿ ಹೆಚ್ಚಿಸುವುದಾಗಿ ಔಷಧದ ಜಾಹೀರಾತು ಕೊಡುವುದು 1954ರ ಕಾಯಿದೆಯಂತೆ ಅಪರಾಧವೆಂಬುದು ಎಷ್ಟು ಮಂದಿಗೆ ಗೊತ್ತು?

ಇಂಥ ಮಾತಿಗೆ ಕನ್ನಡದಲ್ಲಿ ಸಭ್ಯ ಪದಗಳಿಲ್ಲವೆಂಬುದು ಬರಿಯ ನೆಪ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನ ಅವರು ‘ದಾಂಪತ್ಯ ದೀಪಿಕೆ’, ‘ವಧುವಿಗೆ ಕಿವಿಮಾತು’ ಎಂಬ ಪುಸ್ತಕಗಳನ್ನು ಬರೆದು, ಮನೆಮಂದಿಯ ಕನ್ನಡದಲ್ಲಿಯೇ ಇದನ್ನೆಲ್ಲ ಹೇಳಬಹುದೆಂದು ತೋರಿಸಿಕೊಟ್ಟಿದ್ದಾರೆ. ಪದಗಳಿವೆ, ಆಡುವ ಧೈರ್ಯ ಬೇಕಾಗಿದೆ.

ಆದುದರಿಂದ ನಮ್ಮ ಬೇಡಿಕೆ ದೊಡ್ಡದಲ್ಲ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದಂತಹ ಕಡೆಗಳ ಆರೋಗ್ಯ ಕೇಂದ್ರಗಳಲ್ಲಿ ವಾರಕ್ಕೊಂದು ದಿನವಾದರೂ ಕನ್ನಡ, ತುಳು ಬಲ್ಲ ಸಲಹೆಗಾರರು ಪ್ರತ್ಯೇಕ ಕೋಣೆಯಲ್ಲಿ ಕುಳಿತುಕೊಳ್ಳಲಿ. ಕೈಹೊತ್ತಿಗೆಗಳು ಕನ್ನಡದಲ್ಲಿ ಬರಲಿ. ಕುಟುಂಬಶ್ರೀ ಕೂಟಗಳಿಗೆ ವೈದ್ಯೆಯರನ್ನೂ, ಯುವಕ ಸಂಘಗಳಿಗೆ ವೈದ್ಯರನ್ನೂ ಕರೆಸೋಣ. ಮದುವೆ ನಿಶ್ಚಯವಾದ ಹುಡುಗ ಹುಡುಗಿಯರಿಗೆ ಒಂದು ದಿನದ ತಿಳುವಳಿಕೆ ಶಿಬಿರವನ್ನು ದೇವಸ್ಥಾನ, ಮಸೀದಿ, ಇಗರ್ಜಿಗಳ ಆಡಳಿತ ಸಮಿತಿಗಳೇ ಏರ್ಪಡಿಸಬಾರದೇಕೆ? ಭಾಷೆಯ ಹಕ್ಕು ಕಚೇರಿಯ ಬಾಗಿಲಿಗೇ ನಿಲ್ಲಬಾರದು. ಮನುಷ್ಯ ತನ್ನ ನೋವನ್ನು ತನ್ನ ಮಾತಿನಲ್ಲಿ ಹೇಳಿಕೊಳ್ಳುವ ಹಕ್ಕೂ ಅದರಲ್ಲಿ ಸೇರಿದೆ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?