ನೆರೆಮನೆಯ ನುಡಿಗೂ ಒಂದು ಕೋಣೆ

ಕಳೆದ ತಿಂಗಳ ಒಂದು ಭಾನುವಾರ ಇಬ್ಬರು ಅಪರಿಚಿತರು ನನ್ನ ಮನೆಗೆ ಬಂದರು. ಒಬ್ಬರು ಸುರತ್ಕಲ್ಲಿನ ಕಡೆಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಮತ್ತೊಬ್ಬರು ಮನೆಗಳಿಗೆ ಟೈಲ್ಸ್ ಹಾಸುವ ಕೆಲಸಗಾರರು. ಇಬ್ಬರ ಮನೆಮಾತೂ ಬಂಗಾಳಿ. ಪ್ರತಿ ಭಾನುವಾರ ಬೆಳಗ್ಗೆ ಬಾಡಿಗೆಯ ಕೋಣೆಯೊಂದರಲ್ಲಿ ಇಪ್ಪತ್ತು ಮಕ್ಕಳಿಗೆ ಬಂಗಾಳಿಯ ಓದುಬರಹ ಕಲಿಸುತ್ತಿದ್ದಾರಂತೆ; ಎಂಜಿನಿಯರರ ಪತ್ನಿಯೇ ಉಪಾಧ್ಯಾಯಿನಿ. ಕೋಣೆಯ ಬಾಡಿಗೆ ಏರಿದೆ. ನಗರಪಾಲಿಕೆಯಿಂದ ಏನಾದರೂ ಸಹಾಯಧನ ದೊರೆತೀತೇ ಎಂದು ಅವರ ಆಸೆ. ಅರ್ಜಿಯನ್ನು ಕನ್ನಡದಲ್ಲೇ ಕೊಡಬೇಕೆಂದು ಅವರ ಮನಸ್ಸು. “ಸಾರ್, ನೀವು ಬರೆದುಕೊಟ್ಟರೆ ತಪ್ಪು ಇರಲಿಕ್ಕಿಲ್ಲ” ಎಂದರು.

ಟೈಲ್ಸ್ ಹಾಸುವವರು ಹೇಳಿದ ಮಾತೊಂದು ನನ್ನ ಮನಸ್ಸಿನಲ್ಲಿ ನಿಂತಿತು. ಅವರ ಮಗ ಇಲ್ಲಿಯ ಸರಕಾರಿ ಶಾಲೆಯಲ್ಲಿ ಮೂರು ವರ್ಷ ಕಲಿತಿದ್ದಾನೆ. ಕನ್ನಡ ಓದುತ್ತಾನೆ, ಆಟದಲ್ಲಿ ತುಳು ಆಡುತ್ತಾನೆ. ಕೆಲಸ ತಪ್ಪಿದರೆ ಸಂಸಾರ ಮುರ್ಷಿದಾಬಾದಿನ ಹಳ್ಳಿಗೆ ಹಿಂದಿರುಗಬೇಕು. ಅಲ್ಲಿ ಅವನನ್ನು ಯಾವ ತರಗತಿಯಲ್ಲಿ ಕೂರಿಸುವುದು? ಬಂಗಾಳಿಯ ಅಕ್ಷರ ತಿಳಿಯದ ಹತ್ತು ವರ್ಷದ ಹುಡುಗ ಒಂದನೆಯ ತರಗತಿಯ ಮಣೆಯ ಮೇಲೆ ಕುಳಿತಾನೆಯೇ? ಶಾಲೆಯನ್ನೇ ಬಿಟ್ಟಾನು. ಆ ಭಾನುವಾರದ ಎರಡು ಗಂಟೆಗಳು ಅವನ ಪಾಲಿಗೆ ಭಾಷಾಭಿಮಾನದ ಅಲಂಕಾರವಲ್ಲ.

ಮರುದಿನ ಅಧ್ಯಾಪಕರ ಕೊಠಡಿಯಲ್ಲಿ ಈ ಪ್ರಸ್ತಾಪ ತೆಗೆದಾಗ ಹಿರಿಯ ಮಿತ್ರರೊಬ್ಬರು ರೇಗಿದರು. “ಅಲ್ಲ ಮಾರಾಯ್ರೆ, ನಮ್ಮ ಕನ್ನಡ ಶಾಲೆಗಳೇ ಮಕ್ಕಳಿಲ್ಲದೆ ಬಾಗಿಲು ಹಾಕುತ್ತಿವೆ. ಬಂಗಾಳಿಗೆ ಅದರದೇ ಒಂದು ರಾಜ್ಯ ಉಂಟು. ನಮ್ಮ ತೆರಿಗೆಯ ಹಣ ಅವರಿಗೆ ಯಾಕೆ?” ಈ ಪ್ರಶ್ನೆ ಹಗುರವಾದುದಲ್ಲ. ಕನ್ನಡ ಕಲಿಸಿಯೇ ಅನ್ನ ತಿನ್ನುವ ನನಗೆ ಅದನ್ನು ತಳ್ಳಿಹಾಕುವ ಹಕ್ಕೂ ಇಲ್ಲ. ಆದರೂ ಯೋಚಿಸಿದಷ್ಟೂ ನನ್ನ ಕಣ್ಣು ದಕ್ಷಿಣಕ್ಕೆ, ಚಂದ್ರಗಿರಿ ಹೊಳೆಯ ಕಡೆಗೆ ತಿರುಗಿತು.

1956ರ ನವೆಂಬರ್ 1ರಂದು, ಅದುವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಅಂಗವಾಗಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರಭಾಗ ನಮಗೆ ಸಲ್ಲಬೇಕೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿದರೂ ಅದು ಕಾಗದದಲ್ಲೇ ಉಳಿಯಿತು. ಕಯ್ಯಾರ ಕಿಞ್ಞಣ್ಣ ರೈಗಳು ಬದುಕಿನುದ್ದಕ್ಕೂ ಆ ನೋವನ್ನು ನುಡಿದರು. ಗಡಿಯ ಮಾತು ಹಾಗಿರಲಿ. ಅಲ್ಲಿಯ ಕನ್ನಡಿಗರು ದಿನನಿತ್ಯ ಕೇಳುತ್ತ ಬಂದುದೇನು? ಕನ್ನಡದ ಶಾಲೆ, ಕನ್ನಡ ಬಲ್ಲ ಉಪಾಧ್ಯಾಯರು. ಕನ್ನಡ ಮಾಧ್ಯಮದ ಮಕ್ಕಳ ಮುಂದೆ ಕನ್ನಡವರಿಯದ ಉಪಾಧ್ಯಾಯರನ್ನು ನಿಲ್ಲಿಸಿದಾಗ ಮಂಗಳೂರಿನ ವೇದಿಕೆಗಳಿಂದ ನಾವೆಲ್ಲರೂ ಪ್ರತಿಭಟಿಸಿದ್ದೇವೆ. ಆಗ ಕೇರಳದವರು, “ಕನ್ನಡಕ್ಕೆ ಅದರದೇ ಒಂದು ರಾಜ್ಯವಿದೆಯಲ್ಲ, ನಮ್ಮ ತೆರಿಗೆಯ ಹಣವೇಕೆ?” ಎಂದಿದ್ದರೆ ನಮಗೆ ಹೇಗಾಗುತ್ತಿತ್ತು?

ಒಂದು ಸಂಗತಿಯನ್ನು ನಾವು ಮರೆಯುತ್ತೇವೆ. ರಾಜ್ಯಗಳನ್ನು ಪುನರ್ವಿಂಗಡಿಸಿದ ಆ 1956ರ ಏಳನೆಯ ತಿದ್ದುಪಡಿಯೇ ನಮ್ಮ ಸಂವಿಧಾನಕ್ಕೆ 350ಎ ವಿಧಿಯನ್ನೂ ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಒದಗಿಸಲು ಪ್ರತಿಯೊಂದು ರಾಜ್ಯವೂ ರಾಜ್ಯದೊಳಗಿನ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕೆಂಬುದು ಅದರ ಆಶಯ. ಸ್ಥಳೀಯ ಸಂಸ್ಥೆಯೆಂದರೆ ನಮ್ಮಲ್ಲಿ ಮಹಾನಗರಪಾಲಿಕೆಯೂ ಹೌದು. ಕಾಸರಗೋಡಿನ ಕನ್ನಡಿಗರು ತಲೆತಲಾಂತರದಿಂದ ಆ ಮಣ್ಣಿನವರು, ಬಂಗಾಳಿಗಳು ನಿನ್ನೆ ಬಂದವರು ಎಂಬ ಭೇದ ನಿಜವೇ. ಆದುದರಿಂದಲೇ ಅವರು ಪೂರ್ಣ ಶಾಲೆಯನ್ನು ಕೇಳಿದರು. ಇವರು ವಾರಕ್ಕೆ ಎರಡು ಗಂಟೆಯನ್ನು ಕೇಳುತ್ತಿದ್ದಾರೆ. ಹಕ್ಕಿನ ತೂಕ ಬೇರೆಯಾದೀತು, ಆದರೆ ಅದನ್ನು ತೂಗುವ ತಕ್ಕಡಿ ಎರಡಾಗಬಾರದು.

ಇಂತಹ ಹಣ ನೀರಿನಲ್ಲಿ ಹೋಮ ಮಾಡಿದಂತೆ ಎನ್ನುವವರು ನಮ್ಮ ಊರಿನ ಅನುಭವವನ್ನೇ ನೋಡಬಹುದು. ತುಳು ಮತ್ತು ಕೊಂಕಣಿ ಅಕಾಡೆಮಿಗಳು ಸ್ಥಾಪನೆಯಾದುದು 1994ರಲ್ಲಿ. ಅನಂತರ ಆ ಎರಡು ಭಾಷೆಗಳೂ ಶಾಲೆಗಳಲ್ಲಿ ಐಚ್ಛಿಕ ತೃತೀಯ ಭಾಷೆಗಳಾದವು. ತುಳು ಕಲಿಸುವವರಿಗೆ ಅಕಾಡೆಮಿಯಿಂದ ಬಂದುದು ಸಣ್ಣ ಗೌರವಧನ. 2014-15ರಲ್ಲಿ ಎಸ್.ಎಸ್.ಎಲ್.ಸಿ.ಗೆ ತುಳು ಬರೆದವರು 18 ಮಂದಿ. ಕೆಲವೇ ವರ್ಷಗಳಲ್ಲಿ ಅದು ನೂರುಗಳಿಗೇರಿತು. ಇದರಿಂದ ಕನ್ನಡಕ್ಕೆ ಕುಂದು ಬಂತೆಂದು ಯಾರೂ ಹೇಳಿಲ್ಲ. ಮನೆಯಲ್ಲಿ ಬೇರೆ ಮಾತಾಡಿದವರೇ ಕನ್ನಡವನ್ನು ಬೆಳೆಸಿದ ಬಗೆಯನ್ನು ನಾವು ತರಗತಿಗಳಲ್ಲಿ ಹೇಳುತ್ತಲೇ ಇರುತ್ತೇವೆ: ಗೋವಿಂದ ಪೈ, ಪಂಜೆಯವರ ಮನೆಮಾತು ಕೊಂಕಣಿ; ಮಾಸ್ತಿಯವರದು ತಮಿಳು; ಬೇಂದ್ರೆಯವರದು ಮರಾಠಿ. ಬಂಗಾಳಿಯ ಋಣವಂತೂ ಬೇರೆಯೇ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಿ. ವೆಂಕಟಾಚಾರ್ಯರು ಆ ಭಾಷೆಯನ್ನು ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ತರದಿದ್ದರೆ ಕನ್ನಡ ಕಾದಂಬರಿಯ ಬಾಲ್ಯ ಎಷ್ಟು ಬಡವಾಗಿರುತ್ತಿತ್ತು!

ದೂರದ ಲಂಡನ್ನಿನಲ್ಲೂ ಇದೇ ವಾದ ನಡೆದಿದೆ. ಬಂಗಾಳಿಗಳು ಹೆಚ್ಚಾಗಿ ನೆಲೆಸಿರುವ ಟವರ್ ಹ್ಯಾಮ್ಲೆಟ್ಸ್ ವಿಭಾಗದ ಸ್ಥಳೀಯಾಡಳಿತ ಸಮುದಾಯಗಳ ಭಾಷಾ ತರಗತಿಗಳಿಗೆ ಬಹುಕಾಲ ಹಣ ಕೊಟ್ಟಿತು. 2020ರ ಸುಮಾರಿಗೆ ಅದನ್ನು ನಿಲ್ಲಿಸಲು ಹೊರಟಾಗ ಜನ ವಿರೋಧಿಸಿದರು. 2022ರಲ್ಲಿ ಆರಿಸಿಬಂದ ಆಡಳಿತ ಅದಕ್ಕೆ ಮತ್ತೆ ಜೀವ ಕೊಟ್ಟಿತು. ಅಮೆರಿಕದಲ್ಲಿ ನಮ್ಮವರು ವಾರಾಂತ್ಯಗಳಲ್ಲಿ ಕನ್ನಡ ಕಲಿಸುತ್ತಾರೆಂದು ಕೇಳಿ ನಾವು ಹಿಗ್ಗುತ್ತೇವೆ. ಅಲ್ಲಿ ಹಿಗ್ಗಿಗೆ ಕಾರಣವಾದುದು ಇಲ್ಲಿ ಹೊರೆಯೆನಿಸಬೇಕೇ?

ನನ್ನ ಸಲಹೆ ದೊಡ್ಡದೇನಲ್ಲ. ಭಾನುವಾರ ಬರಿದಾಗಿರುವ ಶಾಲೆಯ ಒಂದು ಕೋಣೆ, ಒಂದು ಕರಿಹಲಗೆ, ಉಪಾಧ್ಯಾಯರಿಗೆ ಒಂದು ಗೌರವಧನ: ಇಷ್ಟೇ ಸಾಕು. ಬಂಗಾಳಿಗೆ ಮಾತ್ರವಲ್ಲ, ಮಕ್ಕಳ ಹಾಜರಿಯನ್ನೂ ಖರ್ಚಿನ ಲೆಕ್ಕವನ್ನೂ ತೋರಿಸುವ ಯಾವ ಭಾಷೆಯವರಿಗಾದರೂ ಇದು ಸಿಗಲಿ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದಂತೆ ಈ ಮಕ್ಕಳು ಶಾಲೆಯಲ್ಲಿ ಕನ್ನಡವನ್ನು ಕಲಿಯಲೇಬೇಕು. ಭಾನುವಾರದ ತರಗತಿ ಅದರ ಒಂದು ಗಳಿಗೆಯನ್ನೂ ಕಸಿಯುವುದಿಲ್ಲ. ಕನ್ನಡ ಶಾಲೆಗಳು ಬರಿದಾಗುತ್ತಿರುವುದು ಈ ಇಪ್ಪತ್ತು ಮಕ್ಕಳಿಂದಲ್ಲ; ತಮ್ಮ ಮಕ್ಕಳನ್ನು ಅಲ್ಲಿಗೆ ಕಳುಹಿಸದ ನಮ್ಮಿಂದ. ಟೈಲ್ಸ್ ಹಾಸುವವರ ಮಗ ಆ ಶಾಲೆಯಲ್ಲಿದ್ದಾನೆ, ನಮ್ಮ ಮಕ್ಕಳು ಎಲ್ಲಿದ್ದಾರೆ?

ಅರ್ಜಿಯನ್ನು ಬರೆದುಕೊಟ್ಟೆ. ಒಂದು ಷರತ್ತನ್ನು ಮಾತ್ರ ನಾನೇ ಸೇರಿಸಿದೆ: ಮಕ್ಕಳು ಒಂದು ಕೋಣೆಯಲ್ಲಿ ಬಂಗಾಳಿ ಕಲಿಯುವ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ತಂದೆತಾಯಿಗಳು ಕನ್ನಡ ಕಲಿಯಬೇಕು, ಕಲಿಸಲು ನಾನು ಬರುತ್ತೇನೆ. ಅವರು ಸಂತೋಷದಿಂದ ಒಪ್ಪಿದರು. ಟೈಲ್ಸ್ ಹಾಸುವವರು ಬಂಗಾಳಿ ಅಕ್ಷರಗಳಲ್ಲಿ ಸಹಿ ಮಾಡಿ, ಇದು ನಡೆದೀತೇ ಎಂದು ಅನುಮಾನದಿಂದ ನನ್ನ ಮುಖ ನೋಡಿದರು. ನಡೆಯುತ್ತದೆ ಎಂದೆ. ನಡೆಯಬೇಕು.